ಕುತ್ತಿಗೆಗೆ ಕೇಜ್ ಅಳವಡಿಕೆ: ಗುಣವಾಗುವುದೆಷ್ಟು, ಉಳಿಯುವುದೆಷ್ಟು?

ರಟ್ಟೀಹಳ್ಳಿ: ಬೆರಳುಗಳು ಆಗಾಗ ಜೋಮು ಹಿಡಿಯುತ್ತವೆ. ಅಂಗಿಯ ಗುಂಡಿ ಹಾಕಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಕತ್ತಲಲ್ಲಿ ನಡೆಯುವಾಗ ಕಾಲು ಎಲ್ಲಿ ಊರಿತೆಂಬುದು ತಿಳಿಯುವುದಿಲ್ಲ. ಇಷ್ಟಾದರೂ ಕುತ್ತಿಗೆಯಲ್ಲಿ ಹೇಳಿಕೊಳ್ಳುವಂಥ ನೋವು ಇಲ್ಲದಿರಬಹುದು. ವಯಸ್ಸಾಯಿತು, ವಾಯು ಹಿಡಿಯಿತು, ನಿಶ್ಶಕ್ತಿ ಎಂದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುತ್ತ, ಸೂಜಿ ಹಾಕಿಸಿಕೊಳ್ಳುತ್ತ ದಿನ ಕಳೆಯುವವರಿಗೆ ಕೊನೆಗೊಮ್ಮೆ ದೂರದ ನಗರದ ಆಸ್ಪತ್ರೆಯಲ್ಲಿ ಎಂಆರ್‌ಐ ಆದ ಮೇಲೆ ಹೊಸ ಮಾತೊಂದು ಕಿವಿಗೆ ಬೀಳುತ್ತದೆ: ಕುತ್ತಿಗೆಯಲ್ಲಿ ನರ ಒತ್ತಿದೆ, ಡಿಸ್ಕ್ ತೆಗೆದು ಕೇಜ್ ಹಾಕಬೇಕು.

ಆಗ ರೋಗಿಯೂ ಮನೆಯವರೂ ಕೇಳುವ ಪ್ರಶ್ನೆ ಒಂದೇ. ಆಪರೇಷನ್ ಆದರೆ ಪೂರ್ತಿ ಗುಣವಾಗುತ್ತದೆಯೇ? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದೇ ಬಗೆಯ ಶಸ್ತ್ರಚಿಕಿತ್ಸೆಯನ್ನು ಎರಡು ಬೇರೆ ಬೇರೆ ತೊಂದರೆಗಳಿಗೆ ಮಾಡಲಾಗುತ್ತದೆ. ಒಂದರಲ್ಲಿ ನಿರೀಕ್ಷಿಸಬಹುದಾದ ಫಲವನ್ನು ಇನ್ನೊಂದರಲ್ಲಿ ನಿರೀಕ್ಷಿಸುವಂತಿಲ್ಲ. ಎರಡನ್ನೂ 'ಕುತ್ತಿಗೆ ಆಪರೇಷನ್' ಎಂದೇ ಕರೆಯುವುದರಿಂದ, ನೆರೆಮನೆಯವರಿಗೆ ಆದದ್ದು ತಮಗೂ ಆಗುತ್ತದೆ ಎಂಬ ಭರವಸೆ ಅಥವಾ ಭಯ ಹುಟ್ಟಿಕೊಳ್ಳುತ್ತದೆ.

ಹಾವೇರಿ ಜಿಲ್ಲೆಯಲ್ಲಿ ಕುಮುದ್ವತಿ ನದಿಯ ದಂಡೆಯಲ್ಲಿರುವ ರಟ್ಟೀಹಳ್ಳಿ ಮೊದಲು ಹಿರೇಕೆರೂರು ತಾಲ್ಲೂಕಿಗೆ ಸೇರಿತ್ತು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಗೋವಿನಜೋಳ, ಹತ್ತಿ ಬೆಳೆಯುವ ಸೀಮೆ ಇದು. ಹೊಲದಿಂದ ಮನೆಗೆ ಹುಲ್ಲಿನ ಹೊರೆ, ಸೌದೆ, ಕೊಡ ಹೊತ್ತವರು, ಮಾರುಕಟ್ಟೆಗಳಲ್ಲಿ ಚೀಲ ಹೊತ್ತ ಹಮಾಲರು ಇಲ್ಲಿ ಮನೆಮನೆಯಲ್ಲೂ ಸಿಗುತ್ತಾರೆ. ಜಿಲ್ಲಾ ಕೇಂದ್ರವಾದ ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2022ರಲ್ಲಿ. ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಎಂದೊಡನೆ ಇಲ್ಲಿಯ ಜನ ನೆನೆಯುವುದು ಹುಬ್ಬಳ್ಳಿಯನ್ನು, ದಾವಣಗೆರೆಯನ್ನು. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅನ್ನು.

ಹೊರೆಗೂ ಕುತ್ತಿಗೆಯ ಸವೆತಕ್ಕೂ ಸಂಬಂಧವಿದೆಯೇ ಎಂಬುದನ್ನು ಬೇರೆಡೆ ಪರಿಶೀಲಿಸಲಾಗಿದೆ. ತಲೆಯ ಮೇಲೆ ಭಾರ ಹೊರುವುದೇ ವೃತ್ತಿಯಾದವರ ಮತ್ತು ಹೊರದವರ ಎಕ್ಸ್‌ರೇಗಳನ್ನು ಹೋಲಿಸಿ ಪಶ್ಚಿಮ ಆಫ್ರಿಕದಲ್ಲಿ ನಡೆಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಹೊರುವವರ ಕುತ್ತಿಗೆಯ ಮೂಳೆಗಳಲ್ಲಿ ಸವೆತ ಬಹಳ ಹೆಚ್ಚಾಗಿ ಕಂಡಿತ್ತು. ಆದರೆ ಎಕ್ಸ್‌ರೇಯಲ್ಲಿ ಸವೆತ ಕಂಡವರೆಲ್ಲರೂ ರೋಗಿಗಳಲ್ಲ. ಐವತ್ತು ದಾಟಿದ ಬಹುಪಾಲು ಜನರ ಕುತ್ತಿಗೆಯಲ್ಲಿ, ಯಾವ ತೊಂದರೆಯೂ ಇಲ್ಲದವರಲ್ಲಿಯೂ, ಅಷ್ಟಿಷ್ಟು ಸವೆತ ಕಾಣುತ್ತದೆ. ಚಿತ್ರ ನೋಡಿ ಮಾತ್ರ ಚಾಕು ಹಿಡಿಯುವಂತಿಲ್ಲ ಎಂಬುದಕ್ಕೆ ಇದೇ ಕಾರಣ.

ಎರಡು ತೊಂದರೆ, ಒಂದೇ ಶಸ್ತ್ರಚಿಕಿತ್ಸೆ

ಕುತ್ತಿಗೆಯಲ್ಲಿ ಏಳು ಕಶೇರುಗಳಿವೆ. ಮೇಲಿನ ಎರಡನ್ನು ಬಿಟ್ಟರೆ ಉಳಿದವುಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳಿವೆ. ಡಿಸ್ಕ್ ಸವೆದು ಅಥವಾ ಜರುಗಿ, ಪಕ್ಕದಲ್ಲಿ ಮೂಳೆಯ ಚಿಗುರು ಬೆಳೆದು, ಕೈಗೆ ಹೋಗುವ ನರದ ಬೇರನ್ನು ಒತ್ತಿದರೆ ಅದು ಮೊದಲನೆಯ ತೊಂದರೆ. ವೈದ್ಯರು ಇದನ್ನು ರ‍್ಯಾಡಿಕ್ಯುಲೋಪತಿ ಎನ್ನುತ್ತಾರೆ. ಹೆಗಲಿನಿಂದ ಬೆರಳಿನವರೆಗೆ ಸೆಳೆಯುವ ನೋವು ಇದರ ಮುಖ್ಯ ಲಕ್ಷಣ. ಅದೇ ಒತ್ತಡ ನಡುವೆ ಹಾದುಹೋಗುವ ಬೆನ್ನುಹುರಿಯ ಮೇಲೆಯೇ ಬಿದ್ದರೆ ಅದು ಎರಡನೆಯದು, ಮಯಲೋಪತಿ. ಇದರಲ್ಲಿ ನೋವಿಗಿಂತ ಕೈಯ ಚುರುಕು ತಪ್ಪುವುದು, ನಡಿಗೆ ಬಿಗಿಯಾಗುವುದು, ಮೂತ್ರದ ಹಿಡಿತ ಕಳೆಯುವುದು ಮುಖ್ಯ.

ಎರಡಕ್ಕೂ ಹೆಚ್ಚಾಗಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆಯ ಮುಂಭಾಗದಲ್ಲಿ ಚಿಕ್ಕ ಗಾಯ ಮಾಡಿ, ಉಸಿರುನಾಳ ಮತ್ತು ಅನ್ನನಾಳವನ್ನು ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕನ್ನು ಸಂಪೂರ್ಣ ತೆಗೆಯುತ್ತಾರೆ. ಒತ್ತುತ್ತಿದ್ದ ಮೂಳೆಯ ಚಿಗುರನ್ನೂ ಕೆರೆದು ನರವನ್ನು ಬಿಡಿಸುತ್ತಾರೆ. ಖಾಲಿಯಾದ ಜಾಗ ಕುಸಿಯದಂತೆ ಟೈಟಾನಿಯಂ ಅಥವಾ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಟೊಳ್ಳು ಪೆಟ್ಟಿಗೆಯನ್ನು ಅಲ್ಲಿ ಕೂರಿಸುತ್ತಾರೆ. ಇದೇ ಕೇಜ್. ಒಳಗೆ ಮೂಳೆಯ ಚೂರು ತುಂಬುವುದುಂಟು. ಮುಂದೆ ಪಟ್ಟಿ ಮತ್ತು ಸ್ಕ್ರೂ ಹಾಕುವುದುಂಟು. ಕೇಜ್ ತಾನೇ ಮೂಳೆಗಳನ್ನು ಬೆಸೆಯುವುದಿಲ್ಲ. ಅದರ ಮೂಲಕ ಮೇಲಿನ ಮತ್ತು ಕೆಳಗಿನ ಕಶೇರುಗಳು ತಿಂಗಳುಗಟ್ಟಲೆ ಬೆಳೆದು ಒಂದಾಗಬೇಕು. ಪೂರ್ತಿ ಬೆಸೆಯಲು ಒಂದು ವರ್ಷವೂ ಹಿಡಿಯಬಹುದು.

ಮುಂಭಾಗದಿಂದ ಹೋಗುವ ಈ ದಾರಿಯನ್ನು ಅಮೆರಿಕದ ಸ್ಮಿತ್ ಮತ್ತು ರಾಬಿನ್ಸನ್ ಹಾಗೂ ಕ್ಲೋವರ್ಡ್ 1950ರ ದಶಕದಲ್ಲಿ ರೂಪಿಸಿದರು. ಆಗ ಕೇಜ್ ಇರಲಿಲ್ಲ. ರೋಗಿಯ ಸೊಂಟದ ಮೂಳೆಯ ತುಂಡನ್ನೇ ಕತ್ತರಿಸಿ ತಂದು ಕುತ್ತಿಗೆಗೆ ಇಡುತ್ತಿದ್ದರು. ಕುತ್ತಿಗೆ ಸರಿಹೋದರೂ ಸೊಂಟ ನೋಯುತ್ತಲೇ ಇತ್ತು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾಗಿ ಸರಾಸರಿ ನಾಲ್ಕು ವರ್ಷಗಳಾದ ಮೇಲೂ ಶೇ. 26ರಷ್ಟು ಮಂದಿಗೆ ಮೂಳೆ ತೆಗೆದ ಜಾಗದಲ್ಲಿ ನೋವಿತ್ತು. ಕೇಜ್ ಬಳಕೆಗೆ ಬರಲು ಇದು ದೊಡ್ಡ ಕಾರಣ.

ಕೇಜ್ ಮೊದಲು ಹೊಕ್ಕಿದ್ದು ಮನುಷ್ಯನ ಕುತ್ತಿಗೆಗಲ್ಲ, ಕುದುರೆಯ ಕುತ್ತಿಗೆಗೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಬೆನ್ನುಹುರಿ ಒತ್ತಿ ಕಾಲು ತಡವರಿಸುವ ರೋಗ ಕುದುರೆಗಳಿಗೂ ಬರುತ್ತದೆ. ಅಮೆರಿಕದ ಮೂಳೆ ವೈದ್ಯ ಜಾರ್ಜ್ ಬ್ಯಾಗ್ಬಿ ಪಶುವೈದ್ಯರ ಜೊತೆಗೂಡಿ 1970ರ ದಶಕದ ಕೊನೆಯಲ್ಲಿ ರಂಧ್ರಗಳಿರುವ ಉಕ್ಕಿನ ಬುಟ್ಟಿಯೊಂದನ್ನು ಅಂಥ ಕುದುರೆಗಳಿಗೆ ಅಳವಡಿಸಿದರು. 1977ರಲ್ಲಿ ಅಮೆರಿಕದ ಮೂರೂ ಮಹಾಪಂದ್ಯಗಳನ್ನು ಗೆದ್ದ ಸಿಯಾಟಲ್ ಸ್ಲೂ ಎಂಬ ಪ್ರಸಿದ್ಧ ಕುದುರೆಗೂ 2000ದಲ್ಲಿ ಕುತ್ತಿಗೆಯ ಬೆಸುಗೆ ಶಸ್ತ್ರಚಿಕಿತ್ಸೆ ನಡೆದಿತ್ತು. ಆ ಬುಟ್ಟಿಯೇ ಪರಿಷ್ಕಾರಗೊಂಡು 1990ರ ದಶಕದಲ್ಲಿ ಮನುಷ್ಯರ ಸೊಂಟಕ್ಕೆ, ಬಳಿಕ ಕುತ್ತಿಗೆಗೆ ಬಂತು.

ಕೈ ನೋವಿಗೆ ಮಾಡಿದರೆ

ನರದ ಬೇರು ಒತ್ತಿ ಕೈ ಸೆಳೆಯುವವರಲ್ಲಿ ಈ ಶಸ್ತ್ರಚಿಕಿತ್ಸೆಯ ಫಲಿತಾಂಶ ಉತ್ತಮವೆಂದೇ ಹೇಳಬೇಕು. ಅನೇಕರಿಗೆ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಕೈಯ ನೋವು ಇಳಿದಿರುತ್ತದೆ. ಜೋಮು ನಿಧಾನವಾಗಿ ಹೋಗುತ್ತದೆ. ಬಲ ಬರಲು ಇನ್ನೂ ಹೆಚ್ಚು ಕಾಲ ಬೇಕು. ಕುತ್ತಿಗೆಯ ನೋವು ಮಾತ್ರ ಕೈಯ ನೋವಿನಷ್ಟು ಖಾತ್ರಿಯಾಗಿ ಹೋಗುವುದಿಲ್ಲ. ಕೇವಲ ಕುತ್ತಿಗೆ ನೋವೆಂದು ಕೇಜ್ ಹಾಕಿಸಿಕೊಂಡವರು ನಿರಾಶರಾಗುವುದು ಈ ಕಾರಣಕ್ಕೆ.

ಆದರೆ ಶಸ್ತ್ರಚಿಕಿತ್ಸೆಯಿಲ್ಲದೆಯೂ ಇಂಥವರಲ್ಲಿ ಬಹಳ ಮಂದಿ ಸುಧಾರಿಸುತ್ತಾರೆ ಎಂಬುದನ್ನು ಮರೆಯಬಾರದು. ಸ್ವೀಡನ್‌ನಲ್ಲಿ 81 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ಫಿಸಿಯೋಥೆರಪಿ, ಇನ್ನೊಂದಕ್ಕೆ ಕುತ್ತಿಗೆಪಟ್ಟಿ ಕೊಟ್ಟು ನೋಡಿದ ಪ್ರಯೋಗದ ವರದಿ 1997ರಲ್ಲಿ ಹೊರಬಂತು. ಮೂರು-ನಾಲ್ಕು ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ನೋವು ಹೆಚ್ಚು ಇಳಿದಿತ್ತು. ವರ್ಷ ತುಂಬುವಷ್ಟರಲ್ಲಿ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ. ಕೈಯ ಬಲ ಕುಂದುತ್ತಿಲ್ಲ, ಬೆನ್ನುಹುರಿ ಒತ್ತಿಲ್ಲ ಎಂದಾದರೆ ಕೆಲವು ವಾರ ಕಾದು ನೋಡಲು ರೋಗಿಗೆ ಹಕ್ಕಿದೆ. ಇಂದೇ ಆಗಬೇಕೆಂಬ ಅವಸರ ಇಲ್ಲಿ ಅಪರೂಪ. ದಿನಗೂಲಿಯವರಿಗೆ ಮೂರು ತಿಂಗಳು ಮೊದಲೇ ನೋವು ಇಳಿಯುವುದೂ ಸಣ್ಣ ಮಾತಲ್ಲ ಎಂಬುದು ಬೇರೆ ವಿಚಾರ.

ಬೆನ್ನುಹುರಿ ಒತ್ತಿದ್ದರೆ

ಇಲ್ಲಿ ಲೆಕ್ಕಾಚಾರ ತಿರುವುಮುರುವಾಗುತ್ತದೆ. ಕಾಯುವುದೇ ಅಪಾಯ. ಅಂತಾರಾಷ್ಟ್ರೀಯ ತಜ್ಞರ ಸಂಘಟನೆಗಳು 2017ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಮಧ್ಯಮ ಮತ್ತು ತೀವ್ರ ಸ್ವರೂಪದ ಮಯಲೋಪತಿಗೆ ಶಸ್ತ್ರಚಿಕಿತ್ಸೆಯೇ ಸೂಕ್ತ. ಸೌಮ್ಯವಾಗಿದ್ದರೆ ಶಸ್ತ್ರಚಿಕಿತ್ಸೆ ಇಲ್ಲವೇ ಮೇಲ್ವಿಚಾರಣೆಯಲ್ಲಿ ವ್ಯಾಯಾಮ, ಎರಡರಲ್ಲೊಂದು, ಹದಗೆಟ್ಟರೆ ಶಸ್ತ್ರಚಿಕಿತ್ಸೆ.

ತೀವ್ರತೆಯನ್ನು ಅಳೆಯಲು 18 ಅಂಕಗಳ ಪಟ್ಟಿಯೊಂದಿದೆ. ಜಪಾನಿನ ಮೂಳೆ ವೈದ್ಯರ ಸಂಘ ರೂಪಿಸಿದ ಮೂಲ ಪಟ್ಟಿಯಲ್ಲಿ ರೋಗಿ ಊಟದ ಕಡ್ಡಿ ಹಿಡಿಯಬಲ್ಲನೇ ಎಂಬ ಪ್ರಶ್ನೆಯಿತ್ತು. ಪಶ್ಚಿಮದವರು ಅದನ್ನು ಚಮಚ ಮತ್ತು ಗುಂಡಿಗೆ ಬದಲಿಸಿಕೊಂಡರು. ರಟ್ಟೀಹಳ್ಳಿಯಲ್ಲಿ ಕೇಳಬೇಕಾದ ಪ್ರಶ್ನೆ ಬಹುಶಃ ಜೋಳದ ರೊಟ್ಟಿ ಮುರಿಯಲು ಬರುತ್ತದೆಯೇ, ರೊಟ್ಟಿ ಬಡಿಯುವಾಗ ಹಿಟ್ಟು ಕೈತಪ್ಪುತ್ತದೆಯೇ ಎಂಬುದು. 15ರಿಂದ 17 ಅಂಕ ಬಂದರೆ ಸೌಮ್ಯ, 12ರಿಂದ 14 ಮಧ್ಯಮ, 11 ಅಥವಾ ಕಡಿಮೆಯಾದರೆ ತೀವ್ರ ಎಂದು ಗಣಿಸುತ್ತಾರೆ.

ಉತ್ತರ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ 278 ರೋಗಿಗಳನ್ನು ಸೇರಿಸಿಕೊಂಡು ನಡೆದ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಸೌಮ್ಯ, ಮಧ್ಯಮ, ತೀವ್ರ ಮೂರೂ ವರ್ಗದವರು ಶಸ್ತ್ರಚಿಕಿತ್ಸೆಯಾದ ಒಂದು ವರ್ಷಕ್ಕೆ ಮೊದಲಿಗಿಂತ ಸುಧಾರಿಸಿದ್ದರು. ಸುಧಾರಿಸುವುದು ಬೇರೆ, ಮೊದಲಿನಂತಾಗುವುದು ಬೇರೆ. ತೀವ್ರ ಸ್ಥಿತಿಯಲ್ಲಿ ಬಂದವರು ಅಂಕ ಏರಿದ ಮೇಲೂ ಎಷ್ಟೋ ಮಂದಿ ಕೋಲು ಹಿಡಿದೇ ನಡೆಯುತ್ತಾರೆ. ಕೇಜ್ ಬೆನ್ನುಹುರಿಯ ಮೇಲಿನ ಒತ್ತಡವನ್ನು ತೆಗೆಯಬಲ್ಲದು. ಒತ್ತಡದಿಂದ ಆಗಲೇ ಸತ್ತ ನರತಂತುಗಳನ್ನು ಮರಳಿ ತರಲಾರದು. ಇಲ್ಲಿ ಶಸ್ತ್ರಚಿಕಿತ್ಸೆಯ ಮೊದಲ ಉದ್ದೇಶವೇ ಇನ್ನಷ್ಟು ಹದಗೆಡದಂತೆ ತಡೆಯುವುದು. ಉಳಿದುದೆಲ್ಲ ಲಾಭ.

ಲಕ್ಷಣ ಶುರುವಾದ ಮೇಲೆ ಎಷ್ಟು ಬೇಗ ಚಿಕಿತ್ಸೆ ಸಿಕ್ಕಿತು ಎಂಬುದರ ಮೇಲೆ ಫಲ ನಿಂತಿದೆ ಎಂಬುದನ್ನು ಹಲವು ಅಧ್ಯಯನಗಳು ಒತ್ತಿ ಹೇಳಿವೆ. ಆರು ತಿಂಗಳೊಳಗೆ ಬಂದವರಿಗೂ ಎರಡು ವರ್ಷ ತಡೆದು ಬಂದವರಿಗೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣುತ್ತದೆ. ದುರ್ದೈವವೆಂದರೆ ವೈದ್ಯ ಸೌಲಭ್ಯ ಹೇರಳವಾಗಿರುವ ಇಸ್ರೇಲ್‌ನಲ್ಲಿ ಕೂಡ, 2013ರ ವರದಿಯೊಂದರಂತೆ, ಮೊದಲ ಲಕ್ಷಣದಿಂದ ರೋಗ ಪತ್ತೆಯಾಗುವವರೆಗೆ ಸರಾಸರಿ 2.2 ವರ್ಷ ಕಳೆದಿತ್ತು. ಬಹಳಷ್ಟು ಮಂದಿಗೆ ಮೊದಲು ಮಣಿಕಟ್ಟಿನಲ್ಲಿ ನರ ಒತ್ತಿದೆ ಎಂದು ಹೇಳಲಾಗಿತ್ತು. ಎಂಆರ್‌ಐಗೆ ಬೇರೆ ಊರಿಗೆ ಹೋಗಬೇಕಾದ, ಹೋದ ದಿನದ ಕೂಲಿ ಕಳೆದುಕೊಳ್ಳಬೇಕಾದ ಊರುಗಳಲ್ಲಿ ವಿಳಂಬ ಅದಕ್ಕಿಂತ ಕಡಿಮೆಯಿರಲು ಕಾರಣವಿಲ್ಲ.

ಡಿಸ್ಕ್ ಅಲ್ಲದೆ ಬೆನ್ನುಹುರಿಯ ಉದ್ದಕ್ಕೂ ಒತ್ತಡವಿದ್ದರೆ ಹಿಂಭಾಗದಿಂದ ಮಾಡುವ ಶಸ್ತ್ರಚಿಕಿತ್ಸೆಯೂ ಇದೆ. 163 ರೋಗಿಗಳಲ್ಲಿ ಮುಂಭಾಗ-ಹಿಂಭಾಗಗಳನ್ನು ಹೋಲಿಸಿದ ಅಮೆರಿಕದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ವರ್ಷದ ಕೊನೆಗೆ ದೈಹಿಕ ಸಾಮರ್ಥ್ಯದಲ್ಲಿ ಅಂತರವಿರಲಿಲ್ಲ. ಆದರೆ ತೊಡಕುಗಳು ಮುಂಭಾಗದವರಲ್ಲಿ ಹೆಚ್ಚು; ಅವುಗಳಲ್ಲಿ ಬಹುಪಾಲು ನುಂಗುವ ಕಷ್ಟ.

ನುಂಗುವ ಕಷ್ಟ, ಒಡೆದ ದನಿ

ಮುಂಭಾಗದಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮನೆಗೆ ಬಂದ ಮೇಲೆ ಹೆಚ್ಚು ಗಾಬರಿಯಾಗುವುದು ಇದಕ್ಕೆ. ಮೊದಲೇ ತಿಳಿಸಿದ್ದರೆ ಈ ಗಾಬರಿಯ ಅರ್ಧ ತಪ್ಪುತ್ತದೆ. ಅನ್ನನಾಳವನ್ನು ಪಕ್ಕಕ್ಕೆ ಎಳೆದು ಹಿಡಿದಿರುವುದರಿಂದ ಊತ ಬಂದು ತುತ್ತು ಸಲೀಸಾಗಿ ಇಳಿಯುವುದಿಲ್ಲ. 2002ರ ಅಧ್ಯಯನವೊಂದು ರೋಗಿಗಳನ್ನೇ ವಿಚಾರಿಸಿದಾಗ ಒಂದು ತಿಂಗಳ ಬಳಿಕ ಸುಮಾರು ಅರ್ಧದಷ್ಟು ಮಂದಿ, ಆರು ತಿಂಗಳಿಗೆ ಶೇ. 18ರಷ್ಟು, ವರ್ಷಕ್ಕೆ ಶೇ. 12.5ರಷ್ಟು ಮಂದಿ ನುಂಗಲು ಅಷ್ಟಿಷ್ಟು ತೊಂದರೆಯಿದೆ ಎಂದಿದ್ದರು. ಹೆಚ್ಚಿನವರದು ಸೌಮ್ಯ ಸ್ವರೂಪದ್ದು. ಮೊದಲ ವಾರಗಳಲ್ಲಿ ಒಣ ರೊಟ್ಟಿಯ ಬದಲು ಗಂಜಿ, ಮೆತ್ತನೆಯ ಅನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಲೇಸು.

ಗ್ರೀಸ್ ಮೂಲದ ವೈದ್ಯ ಫೌಂಟಾಸ್ ಮತ್ತು ಸಂಗಡಿಗರು 1,015 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ ದನಿಯ ನರಕ್ಕೆ ಪೆಟ್ಟಾದವರು ಶೇ. 3.1, ಗಾಯದೊಳಗೆ ರಕ್ತ ಶೇಖರವಾದವರು ಶೇ. 5.6. ಸಾವಿನ ಪ್ರಮಾಣ ಶೇ. 0.1. ರಕ್ತ ಶೇಖರವಾಗಿ ಉಸಿರುನಾಳ ಒತ್ತುವುದು ಅಪರೂಪ, ಆದರೆ ಪ್ರಾಣಕ್ಕೆ ಕುತ್ತು. ಕುತ್ತಿಗೆ ದಪ್ಪವಾಗುತ್ತ ಉಸಿರು ಕಟ್ಟಿದರೆ, ಹೊಸದಾಗಿ ಕೈಕಾಲು ಸೋತರೆ, ಗಾಯದಿಂದ ಕೀವು ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಬೆಸುಗೆ ಹಿಡಿಯದಿದ್ದರೆ? ಒಂದೇ ಹಂತದಲ್ಲಿ ಮಾಡಿದಾಗ ಬಹುಪಾಲು ಜನರಲ್ಲಿ ಮೂಳೆ ಕೂಡುತ್ತದೆ. ಹಂತಗಳು ಹೆಚ್ಚಿದಂತೆ ಖಾತ್ರಿ ತಗ್ಗುತ್ತದೆ. ತಂಬಾಕು ಇದಕ್ಕೆ ನೇರ ಶತ್ರು. ಸೊಂಟದ ಮೂಳೆಯನ್ನೇ ಬಳಸುತ್ತಿದ್ದ ಕಾಲದ ರೋಗಿಗಳ ಬಗ್ಗೆ 2001ರಲ್ಲಿ ಬಂದ ವರದಿಯಲ್ಲಿ, ಒಂದಕ್ಕಿಂತ ಹೆಚ್ಚು ಹಂತದ ಶಸ್ತ್ರಚಿಕಿತ್ಸೆಯಾದ 40 ಧೂಮಪಾನಿಗಳ ಪೈಕಿ ಎಲ್ಲ ಹಂತಗಳೂ ಬೆಸೆದದ್ದು 20 ಮಂದಿಗೆ. ಸೇದದ 91 ಮಂದಿಯಲ್ಲಿ 69 ಜನರಿಗೆ. ಬೀಡಿ ಬಿಟ್ಟು ಗುಟ್ಕಾ ಹಿಡಿದರೆ ಲಾಭವಿಲ್ಲ. ನಿಕೋಟಿನ್ ಎರಡರಲ್ಲೂ ಇದೆ. ಇನ್ನು ಎಕ್ಸ್‌ರೇಯಲ್ಲಿ ಕೇಜ್ ಮೂಳೆಯೊಳಗೆ ತುಸು ಕುಸಿದಿರುವುದು ಐವರಲ್ಲಿ ಒಬ್ಬರಿಗೆ ಕಾಣುತ್ತದೆ. 2018ರ ಸಮಗ್ರ ವಿಮರ್ಶೆಯೊಂದರ ಪ್ರಕಾರ ಕುಸಿತಕ್ಕೂ ರೋಗಿಯ ನೋವಿಗೂ ನಂಟು ಸಿದ್ಧವಾಗಿಲ್ಲ. ಎಕ್ಸ್‌ರೇ ನೋಡಿ ಎದೆಗುಂದಬೇಕಿಲ್ಲ.

ದುಬಾರಿಯಾದುದು ಉತ್ತಮವೇ?

ನೆದರ್ಲೆಂಡ್ಸ್‌ನಲ್ಲಿ ಕೈ ನೋವಿನ 109 ರೋಗಿಗಳನ್ನು ಮೂರು ಪಾಲು ಮಾಡಿ, ಒಂದಕ್ಕೆ ಚಲಿಸುವ ಕೃತಕ ಡಿಸ್ಕ್, ಒಂದಕ್ಕೆ ಕೇಜ್, ಇನ್ನೊಂದಕ್ಕೆ ಡಿಸ್ಕ್ ತೆಗೆದು ಏನನ್ನೂ ಇಡದೆ ಬಿಟ್ಟ ಪ್ರಯೋಗದ ಫಲ 2019ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ ಮೂವರ ಸ್ಥಿತಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಕೇಜ್ ಬೇಡವೆಂದು ಇದರ ಅರ್ಥವಲ್ಲ. ಆದರೆ ಬಿಲ್ಲಿನಲ್ಲಿ ಇಂಪ್ಲಾಂಟಿನ ದರ ಏರಿದಷ್ಟೂ ಗುಣ ಏರುತ್ತದೆ ಎಂಬ ನಂಬಿಕೆಗೆ ಆಧಾರ ಕಡಿಮೆ. ಹೃದಯದ ಸ್ಟೆಂಟ್ ಮತ್ತು ಮೊಣಕಾಲಿನ ಕೃತಕ ಕೀಲಿಗೆ ಕೇಂದ್ರ ಸರ್ಕಾರ 2017ರಲ್ಲಿ ಗರಿಷ್ಠ ದರ ಗೊತ್ತುಮಾಡಿದಾಗ ಬೆನ್ನುಮೂಳೆಯ ಇಂಪ್ಲಾಂಟುಗಳು ಆ ಪಟ್ಟಿಯಲ್ಲಿರಲಿಲ್ಲ. ಯಾವ ಕೇಜ್, ಎಷ್ಟು ದರ, ಪಟ್ಟಿ ಬೇಕೇ ಎಂದು ದಾಖಲಾಗುವ ಮೊದಲೇ ವಿಚಾರಿಸುವುದು ಸಂಕೋಚದ ವಿಷಯವಲ್ಲ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂ.ವರೆಗೆ ನೆರವು ನಿಗದಿಯಾಯಿತು. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆಯಬೇಕೆಂಬುದು ಅದರ ಕ್ರಮ. ಈ ಕ್ರಮ ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರು ಕೈಯಿಂದ ಹಣ ಹಾಕಬೇಕಾಗಬಹುದು. ಮಯಲೋಪತಿಯಂಥ ರೋಗದಲ್ಲಿ ಕಾಗದಪತ್ರಕ್ಕಾಗಿ ಕಳೆಯುವ ವಾರಗಳೂ ಲೆಕ್ಕಕ್ಕೆ ಬರುತ್ತವೆ.

ಮತ್ತೆ ಚೀಲ ಹೊರಬಹುದೇ?

ಮೇಜಿನ ಮುಂದೆ ಕುಳಿತು ಮಾಡುವ ಕೆಲಸಕ್ಕೆ ಕೆಲವು ವಾರಗಳಲ್ಲಿ ಮರಳಬಹುದು. ಒಂದು ಹಂತ ಬೆಸೆದರೆ ಕುತ್ತಿಗೆಯ ಚಲನೆ ಕುಂದಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ತಲೆ ಹೊರಳಿಸುವುದರಲ್ಲಿ ಸುಮಾರು ಅರ್ಧ ಪಾಲು ಮೇಲಿನ ಎರಡು ಕಶೇರುಗಳದು, ಅಲ್ಲಿ ಕೇಜ್ ಹಾಕುವುದಿಲ್ಲ. ಹಮಾಲರ, ಹೊಲದಲ್ಲಿ ದುಡಿಯುವವರ ಪ್ರಶ್ನೆ ಬೇರೆ. ಮೂಳೆ ಕೂಡುವವರೆಗೆ ಭಾರ ಎತ್ತುವಂತಿಲ್ಲ, ಅಂದರೆ ಕನಿಷ್ಠ ಮೂರು ತಿಂಗಳ ಕೂಲಿ ಖೋತಾ. ಕೂಡಿದ ಮೇಲೂ ತಲೆಹೊರೆಗೆ ಮರಳುವುದನ್ನು ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿದೇಶಗಳ ಅಧ್ಯಯನಗಳು 'ಕೆಲಸಕ್ಕೆ ಮರಳಿದವರು' ಎಂದು ಎಣಿಸುವಾಗ 50 ಕಿಲೋ ಚೀಲವನ್ನು ತಲೆಯ ಮೇಲಿಟ್ಟು ಲಾರಿಯ ಹಲಗೆ ಏರುವವನನ್ನು ಎಣಿಸಿರುವುದಿಲ್ಲ. ಪ್ರಾಯದ ಪುರುಷನೊಬ್ಬ ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತ್ತು. ಬೆಸೆದ ಕುತ್ತಿಗೆಗೆ ಎಷ್ಟೆಂದು ಅದು ಹೇಳಿಲ್ಲ.

ಬೆಸೆದ ಕೀಲು ಚಲಿಸದ ಕಾರಣ ಅದರ ಮೇಲಿನ, ಕೆಳಗಿನ ಡಿಸ್ಕ್‌ಗಳು ಹೆಚ್ಚು ದುಡಿಯಬೇಕಾಗುತ್ತದೆ ಎಂಬ ವಾದವಿದೆ. 374 ರೋಗಿಗಳನ್ನು ದೀರ್ಘಕಾಲ ಗಮನಿಸಿದ ಅಮೆರಿಕದ ಹಿಲಿಬ್ರ್ಯಾಂಡ್ ತಂಡ 1999ರಲ್ಲಿ ವರದಿ ಮಾಡಿದಂತೆ, ವರ್ಷಕ್ಕೆ ಶೇ. 2.9ರಷ್ಟು ಮಂದಿಯಲ್ಲಿ ಪಕ್ಕದ ಹಂತದ ಹೊಸ ತೊಂದರೆ ಕಾಣಿಸಿಕೊಂಡಿತು. ಹತ್ತು ವರ್ಷಕ್ಕೆ ಇದು ನಾಲ್ವರಲ್ಲಿ ಒಬ್ಬರಿಗೆ ಎಂದು ಅಂದಾಜಿಸಲಾಯಿತು. ಬೆಸುಗೆಯೇ ಇದಕ್ಕೆ ಕಾರಣವೋ, ಮೊದಲೇ ಇದ್ದ ಸವೆತ ಮುಂದುವರಿಯಿತೋ ಎಂಬ ಚರ್ಚೆ ಮುಗಿದಿಲ್ಲ. ಅವರೆಲ್ಲರಿಗೂ ಮರು ಶಸ್ತ್ರಚಿಕಿತ್ಸೆ ಬೇಕಾಯಿತೆಂದೂ ಅಲ್ಲ. ಆದರೆ ಐದಾರು ವರ್ಷ ನೆಮ್ಮದಿಯಾಗಿದ್ದ ಮೇಲೆ ಕೈ ಮತ್ತೆ ಜೋಮು ಹಿಡಿದರೆ, ಹಳೆಯ ಆಪರೇಷನ್ ಕೆಟ್ಟಿತೆಂದು ಬಗೆದು ಸುಮ್ಮನಿರದೆ ಮತ್ತೊಮ್ಮೆ ತೋರಿಸಬೇಕು.

ಹಾಗೆ ತೋರಿಸಲು ಹೋಗುವಾಗ ಕೈಯಲ್ಲಿರಬೇಕಾದುದು ಡಿಸ್ಚಾರ್ಜ್ ಪತ್ರ, ಶಸ್ತ್ರಚಿಕಿತ್ಸೆಗೆ ಮುಂಚಿನ ಎಂಆರ್‌ಐ ಫಿಲ್ಮುಗಳು, ನಂತರದ ಎಕ್ಸ್‌ರೇಗಳು ಮತ್ತು ಕೇಜ್‌ನ ಕಂಪನಿ, ಅಳತೆ, ಲೋಹ ಯಾವುದೆಂದು ತಿಳಿಸುವ ಸ್ಟಿಕ್ಕರ್. ಟೈಟಾನಿಯಂ ಮತ್ತು ಪೀಕ್ ಕೇಜ್ ಇದ್ದವರಿಗೆ ಸಾಮಾನ್ಯವಾಗಿ ಎಂಆರ್‌ಐ ಮಾಡಬಹುದು. ಆದರೂ ಯಂತ್ರದ ಕೋಣೆಯ ಬಾಗಿಲಲ್ಲಿ ಸಿಬ್ಬಂದಿ ಮೊದಲು ಕೇಳುವುದು ಆ ಸ್ಟಿಕ್ಕರನ್ನೇ. ಬಹುತೇಕ ಆಸ್ಪತ್ರೆಗಳು ಅದನ್ನು ರೋಗಿಯ ಕಡತಕ್ಕೆ ಅಂಟಿಸಿಡುತ್ತವೆ. ಬಿಡುಗಡೆಯ ದಿನ ಅದರ ಪ್ರತಿಯನ್ನು ಕೇಳಿ ಪಡೆಯಬಹುದು.